‘ಫತುವುಸ್’: ಒಂದು ಲ್ಯಾಟಿನ್ ಗುಣವಾಚಕದ ಚರಿತ್ರೆ

ರೋಮಿನ ಆದಿ ನಾಟಕಕಾರರಲ್ಲಿ ಒಬ್ಬನಾದ ಪ್ಲೌಟಸನು (ಮರಣ ಸುಮಾರು ಕ್ರಿ. ಪೂ. ೧೮೪) ರಚಿಸಿದ ‘ಬಾಕ್ಕಿದೆಸ್’ ಎಂಬ ಪ್ರಹಸನದಲ್ಲಿ ನಿಕೊಬುಲಸ್ ಎಂಬ ಮುದುಕನು ತನ್ನ ಮನೆಯ ಗುಲಾಮನಿಂದಲೇ ಮೇಲಿಂದ ಮೇಲೆ ಮೋಸಹೋಗಿ ಹಣವನ್ನು ಕಳೆದುಕೊಳ್ಳುತ್ತಾನೆ. ಮೋಸವು ಬಯಲಾದ ಮೇಲೆ ಆತನು ಏಕಾಂಗಿಯಾಗಿ ರಂಗಕ್ಕೆ ಬಂದು, ಹಿಂದೆ ಇದ್ದ, ಈಗ ಇರುವ, ಮುಂದೆ ಹುಟ್ಟಲಿರುವ ಸಮಸ್ತ ಮೂಢರನ್ನೂ ತಾನೊಬ್ಬನೇ ಮೀರಿಸಿದನೆಂದು ಗೋಳಾಡುತ್ತಾನೆ. ಆ ಗೋಳಾಟದಲ್ಲಿ ಅವನು ಮೂಢರಿಗೆ ಒಂದರ ಮೇಲೊಂದರಂತೆ ಏಳು ಹೆಸರುಗಳನ್ನು ಪೇರಿಸುತ್ತಾನೆ. ಅಣಬೆ ಎಂಬ ಬೈಗುಳವೂ ಅವುಗಳಲ್ಲಿ ಒಂದು. ಆ ಏಳರ ಪೈಕಿ ಮೂರನೆಯದಾಗಿ ಬರುವ ‘ಫತುವುಸ್’ ಎಂಬ ಶಬ್ದವೇ ಪ್ರಸ್ತುತ ಲೇಖನದ ವಿಷಯ.

ಮೌಢ್ಯವನ್ನು ಹೇಳುವ ಶಬ್ದಗಳಿಗೆ ಲ್ಯಾಟಿನ್ ಭಾಷೆಯಲ್ಲಿ ಕೊರತೆಯಿಲ್ಲ. ಅವುಗಳಲ್ಲಿ ‘ಸ್ತುಲ್ತುಸ್’ ಎಂಬುದು ಹೆಚ್ಚು ವ್ಯಾಪಕವಾದುದು. ‘ಇನೆಪ್ತುಸ್’ ಎಂಬುದು ಕಾಲದೇಶಗಳ ಔಚಿತ್ಯವರಿಯದವನಿಗೆ ಸಲ್ಲುವಂಥದು. ಆದರೆ ‘ಫತುವುಸ್’ ಶಬ್ದಕ್ಕೆ ಒದಗಿದ ವಿಚಿತ್ರಗತಿ ಉಳಿದವುಗಳಿಗೆ ಅದೇ ಪ್ರಮಾಣದಲ್ಲಿ ಒದಗಲಿಲ್ಲ. ನಗೆನಾಟಕದಲ್ಲಿ ಬೈಗುಳವಾಗಿದ್ದ ಈ ಶಬ್ದವು ಕ್ರಮೇಣ ಒಂದು ವರ್ಗದ ಮನುಷ್ಯರ ಹೆಸರಾಯಿತು. ಆ ಹೆಸರು ರಾಜಶಾಸನವನ್ನು ಸೇರಿ ಜನರ ಭೂಮಿಕಾಣಿಗಳ ಭವಿತವ್ಯವನ್ನು ನಿರ್ಣಯಿಸಿತು. ಆ ಶಾಸನದ ಭಾವವು ಇಂಗ್ಲಿಷಿನ ಮೂಲಕ ಹಿಂದೂಸ್ಥಾನಕ್ಕೆ ಬಂದು, ಕಲ್ಯಾಣದಲ್ಲಿ ಹುಟ್ಟಿದ ಧರ್ಮಶಾಸ್ತ್ರಗ್ರಂಥವೊಂದರ ಶಬ್ದದೊಡನೆ ಬೆರೆಯಿತು.

ಮೊದಲು ವ್ಯಾಕರಣದ ವಿಚಾರ. ಲ್ಯಾಟಿನ್ ಗುಣವಾಚಕವು ತಾನು ವಿಶೇಷಿಸುವ ನಾಮಪದದ ಲಿಂಗ, ವಚನ, ವಿಭಕ್ತಿಗಳನ್ನು ಹೊಂದುತ್ತದೆ. ಗಂಡಸಿಗೆ ‘ಫತುವುಸ್’, ಹೆಂಗಸಿಗೆ ‘ಫತುವ’, ನಪುಂಸಕಕ್ಕೆ ‘ಫತುವುಂ’. ವಿಶೇಷ್ಯವನ್ನು ಬಿಟ್ಟು ಗುಣವಾಚಕವನ್ನೇ ಹೇಳಿದರೂ ರೂಪದಲ್ಲಿ ಭೇದವಿಲ್ಲ. ‘ಮೂಢನಾದ’ ಎಂಬ ಶಬ್ದವೇ ‘ಮೂಢನು’ ಎಂದೂ ಆಗುತ್ತದೆ. ಕನ್ನಡದಲ್ಲಿ ‘ಪೆದ್ದು’ ಎಂದರೆ ಗುಣ, ‘ಪೆದ್ದ’ ಎಂದರೆ ಆಳು. ಒಂದರಿಂದ ಇನ್ನೊಂದಕ್ಕೆ ದಾಟಬೇಕಾದರೆ ಪ್ರತ್ಯಯದ ಹೊಸ್ತಿಲೊಂದುಂಟು. ಲ್ಯಾಟಿನ್ನಿನಲ್ಲಿ ಆ ಹೊಸ್ತಿಲು ಕಣ್ಣಿಗೆ ಕಾಣುವುದಿಲ್ಲ. ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆಯು ಸುಗಮವಾಗುತ್ತದೆ.

ಆದಿಕಾಲದ ಪ್ರಯೋಗಗಳಲ್ಲಿ ಈ ಶಬ್ದಕ್ಕೆ ಬೈಗುಳದ ಹಗುರವಿದೆ. ಕ್ರಿ. ಪೂ. ೧೬೧ರಲ್ಲಿ ಆಡಲ್ಪಟ್ಟ ಟೆರೆನ್ಸನ ‘ಯೂನುಕುಸ್’ ನಾಟಕದ ಕೊನೆಯಲ್ಲಿ, ಗ್ನಾತೊ ಎಂಬ ಹೊಟ್ಟೆಬಾಕ ಹೊಗಳುಭಟ್ಟನು ತನ್ನ ಒಡೆಯನಾದ ಸೈನಿಕನನ್ನು ಅವನ ಪ್ರತಿಸ್ಪರ್ಧಿಗಳ ಮುಂದೆ ವರ್ಣಿಸುತ್ತಾನೆ. ಆ ಸೈನಿಕನು ‘ಫತುವುಸ್’, ಉಪ್ಪಿಲ್ಲದವನು, ಮಂದ, ಹಗಲಿರುಳೂ ಗೊರಕೆಹೊಡೆಯುವವನು. ಆದುದರಿಂದ ಹೆಣ್ಣು ಅವನಿಗೆ ಮನಸೋಲುವಳೆಂಬ ಭಯ ಬೇಡ, ಬೇಡವೆನಿಸಿದಾಗ ಹೊರದೂಡಬಹುದು ಎಂಬುದು ಅವನ ವಾದ. ಕ್ರಿ. ಪೂ. ೪೫ರಲ್ಲಿ ಸಿಸೆರೊ ದೆಯೊತಾರಸ್ ದೊರೆಯ ಪರವಾಗಿ ಸೀಸರನ ಮುಂದೆ ಮಾಡಿದ ಭಾಷಣದಲ್ಲಿಯೂ ಈ ಶಬ್ದ ಬರುತ್ತದೆ. ಅಲ್ಲಿ ಅದು ಬುದ್ಧಿಗೆಟ್ಟವನೆಂಬ ಮತ್ತೊಂದು ಶಬ್ದದ ಜೊತೆಗಾರ. ಮೂರೂ ಕಡೆಗಳಲ್ಲಿ ಶಬ್ದವು ಯಾವನೋ ಒಬ್ಬನ ನಡತೆಗೆ, ಯಾವುದೋ ಒಂದು ಸಂದರ್ಭದಲ್ಲಿ ಅಂಟಿದೆ. ನಿಕೊಬುಲಸನಂತೂ ತನ್ನನ್ನು ತಾನೇ ಬೈದುಕೊಂಡಿದ್ದಾನೆ. ಸಂದರ್ಭ ಕಳೆದರೆ ಶಬ್ದವೂ ಕಳಚಿಬೀಳಬಹುದು.

ಟೆರೆನ್ಸನು ‘ಫತುವುಸ್’ ಮತ್ತು ‘ಉಪ್ಪಿಲ್ಲದವನು’ ಎಂಬೆರಡನ್ನು ಒಟ್ಟಿಗೆ ಇಟ್ಟುದು ಆಕಸ್ಮಿಕವಲ್ಲ. ಲ್ಯಾಟಿನ್ ಭಾಷೆಯಲ್ಲಿ ಬುದ್ಧಿಗೂ ನಾಲಗೆಗೂ ನಂಟಿದೆ. ‘ಸಪೆರೆ’ ಎಂಬ ಕ್ರಿಯಾಪದಕ್ಕೆ ರುಚಿಯಾಗಿರು ಎಂದೂ ವಿವೇಕಿಯಾಗಿರು ಎಂದೂ ಎರಡರ್ಥ. ಜ್ಞಾನಿಗೆ ಹೇಳುವ ‘ಸಪಿಯೆನ್ಸ್’ ಅದರಿಂದಲೇ ಬಂದುದು. ‘ಸಾಲ್’ ಎಂದರೆ ಉಪ್ಪು, ಮಾತಿನ ಚಾತುರ್ಯವೂ ಹೌದು. ‘ಫತುವುಸ್’ ಕೂಡ ಈ ಪಂಕ್ತಿಯಲ್ಲಿ ಕುಳಿತಿತು. ಉಪಲಬ್ಧವಾದ ಪ್ರಯೋಗಗಳಲ್ಲಿ ಮನುಷ್ಯನ ಮೌಢ್ಯವೇ ಮೊದಲು ಕಾಣುತ್ತದೆ, ರುಚಿಯ ಅರ್ಥವು ತರುವಾಯದ್ದು. ಕ್ರಿ. ಶ. ಮೊದಲನೆಯ ಶತಮಾನದ ಕವಿ ಮಾರ್ಷಿಯಲ್ ತನ್ನ ದ್ವಿಪದಿಯೊಂದರಲ್ಲಿ ಬೀಟ್ ಸೊಪ್ಪಿಗೆ ಈ ವಿಶೇಷಣವನ್ನು ಕೊಡುತ್ತಾನೆ: ಕಮ್ಮಾರ ಬಡಗಿಗಳ ಮಧ್ಯಾಹ್ನದ ಊಟವಾದ ಆ ಸಪ್ಪೆ ಸೊಪ್ಪಿಗೆ ರುಚಿ ಹುಟ್ಟಿಸಲು ಅಡಿಗೆಯವನು ಎಷ್ಟು ಸಲ ದ್ರಾಕ್ಷಾಮದ್ಯವನ್ನೂ ಮೆಣಸನ್ನೂ ಬೇಡಬೇಕೋ ಎಂಬುದು ಅದರ ಭಾವ. ಕನ್ನಡದಲ್ಲಿಯೂ ಸಪ್ಪೆ ಮೋರೆ, ಸಪ್ಪೆ ಮಾತು ಎನ್ನುವುದುಂಟು. ಸಪ್ಪೆಗೆ ಪರಿಹಾರವಿದೆ ಎಂಬುದೇ ಈ ರೂಪಕದ ಸ್ವಾರಸ್ಯ; ಉಪ್ಪು ಮೆಣಸು ಬಿದ್ದರೆ ಸೊಪ್ಪು ಸಪ್ಪೆಯಾಗಿ ಉಳಿಯುವುದಿಲ್ಲ.

ಶಬ್ದದ ವ್ಯುತ್ಪತ್ತಿಯು ಇತ್ಯರ್ಥವಾಗಿಲ್ಲ. ಪ್ರಾಚೀನರು ಅದನ್ನು ಮಾತನಾಡು ಎಂಬರ್ಥದ ‘ಫಾರಿ’ ಧಾತುವಿಗೂ, ವನದೇವತೆಯಾದ ಫೌನಸನ ಪತ್ನಿ ಫತುವಳಿಗೂ ಜೋಡಿಸಿದರು. ಸೆವಿಲ್ಲೆಯ ಬಿಷಪ್ ಇಸಿದೋರನು (ಮರಣ ೬೩೬) ತನ್ನ ಶಬ್ದಮೂಲಕೋಶದ ಹತ್ತನೆಯ ಭಾಗದಲ್ಲಿ ಎರಡು ವಿವರಣೆಗಳನ್ನು ಕೊಡುತ್ತಾನೆ. ತಾನು ಆಡಿದುದೂ ಇತರರು ಆಡಿದುದೂ ತಿಳಿಯದವನೇ ‘ಫತುವುಸ್’ ಎಂಬುದು ಒಂದು. ಭವಿಷ್ಯ ನುಡಿಯುತ್ತಿದ್ದ ಫತುವಳ ವಾಣಿಯನ್ನು ಕೇಳಿ ಮಿತಿಮೀರಿ ಬೆರಗಾಗಿ ಮತಿಗೆಟ್ಟವರೇ ಮೊದಲು ಹಾಗೆ ಕರೆಯಲ್ಪಟ್ಟರೆಂಬುದು ಇನ್ನೊಂದು. ಭಾಷಾಶಾಸ್ತ್ರದ ದೃಷ್ಟಿಯಿಂದ ಇವನ್ನು ಸಿದ್ಧಾಂತವೆಂದು ಸ್ವೀಕರಿಸಲಾಗದು. ಆದರೆ ದೇವತೆಯ ಆವೇಶಕ್ಕೂ ಮತಿಯ ಮಾಂದ್ಯಕ್ಕೂ ಒಂದೇ ಶಬ್ದದಲ್ಲಿ ಜನ ಕಂಡುಕೊಂಡ ಸಂಬಂಧವು ಸಂಸ್ಕೃತಿಯ ಚರಿತ್ರೆಗೆ ಸಾಕ್ಷಿಯಾಗಿದೆ.

ಇದೇ ಕಾಲದಲ್ಲಿ ‘ಸ್ತುಲ್ತುಸ್’ ಬೇರೆ ದಾರಿ ಹಿಡಿದಿತ್ತು. ಫೆಬ್ರವರಿ ೧೭ರಂದು ಬರುವ ಕ್ವಿರಿನಾಲಿಯ ಹಬ್ಬಕ್ಕೆ ರೋಮಿನಲ್ಲಿ ಮೂಢರ ಹಬ್ಬವೆಂಬ ಅಡ್ಡಹೆಸರಿತ್ತು. ಧಾನ್ಯ ಹುರಿಯುವ ವ್ರತವನ್ನು ತಮ್ಮ ತಮ್ಮ ಕುಲಸಂಘದ ದಿನದಲ್ಲಿ ಆಚರಿಸಲು ತಿಳಿಯದೆ ಹೋದವರು ಈ ಕಡೆಯ ದಿನ ಅದನ್ನು ಪೂರೈಸಿಕೊಳ್ಳಬಹುದಾಗಿತ್ತೆಂದು ಕವಿ ಓವಿಡನು ತಿಳಿಸುತ್ತಾನೆ. ಮೂಢನಿಗೆ ಒಂದು ದಿನದ ನಗೆ, ಅದರೊಡನೆ ಎರಡನೆಯ ಅವಕಾಶ. ಸ್ಟೋಯಿಕ್ ತತ್ತ್ವಜ್ಞರಾದರೋ ಪರಿಪೂರ್ಣ ಜ್ಞಾನಿಯೊಬ್ಬನನ್ನು ಬಿಟ್ಟು ಉಳಿದವರೆಲ್ಲ ‘ಸ್ತುಲ್ತುಸ್’ ಎಂದೇ ಸಾರಿದರು. ಎಲ್ಲರಿಗೂ ಸಲ್ಲುವ ನಿಂದೆ ಯಾರನ್ನೂ ಬೇರ್ಪಡಿಸುವುದಿಲ್ಲ. ಬೇರ್ಪಡಿಸುವ ಕಾರ್ಯವು ‘ಫತುವುಸ್’ ಪಾಲಿಗೆ ಬಂದಿತು.

ರೋಮಿನ ಸಿರಿವಂತರು ಬುದ್ಧಿಮಾಂದ್ಯವುಳ್ಳವರನ್ನು ವಿನೋದಕ್ಕಾಗಿ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಇಲ್ಲಿ ಗುಣವಾಚಕವು ವಿಶೇಷ್ಯವಾಗಿ ಮಾರ್ಪಟ್ಟಿತು. ತತ್ತ್ವಜ್ಞ ಸೆನೆಕನು ಜೀವಿತದ ಕಡೆಯ ವರ್ಷಗಳಲ್ಲಿ ಮಿತ್ರ ಲೂಸಿಲಿಯಸನಿಗೆ ಬರೆದ ಪತ್ರಗಳ ಪೈಕಿ ಐವತ್ತನೆಯದು ಇದಕ್ಕೆ ಸಾಕ್ಷಿ. ಅವನ ಹೆಂಡತಿಯ ‘ಫತುವ’ ಹಾರ್ಪಸ್ಟೆ ಎಂಬವಳು. ಆಸ್ತಿಯೊಡನೆ ಬಂದ ಹೊರೆಯಾಗಿ ಅವನ ಮನೆಯಲ್ಲಿ ಉಳಿದಿದ್ದವಳು. ಇಂಥ ವಿನೋದ ತನಗೆ ರುಚಿಸದು, ಮೂಢನನ್ನು ಕಂಡು ನಗಬೇಕಾದರೆ ದೂರ ಹೋಗಬೇಕಾಗಿಲ್ಲ, ತನ್ನನ್ನೇ ಕಂಡು ನಗುತ್ತೇನೆ ಎನ್ನುತ್ತಾನೆ ಅವನು. ಹಾರ್ಪಸ್ಟೆಗೆ ಇದ್ದಕ್ಕಿದ್ದಂತೆ ದೃಷ್ಟಿ ಹೋಯಿತು. ತಾನು ಕುರುಡಿಯಾದುದು ಅವಳಿಗೆ ತಿಳಿಯಲಿಲ್ಲ. ಮನೆ ಕತ್ತಲೆಯಾಗಿದೆ, ಬೇರೆಡೆಗೆ ಕರೆದೊಯ್ಯಿ ಎಂದು ತನ್ನನ್ನು ನೋಡಿಕೊಳ್ಳುವವನನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಅವಳಲ್ಲಿ ನಾವು ನಗುವ ದೋಷವೇ ನಮ್ಮೆಲ್ಲರಲ್ಲಿಯೂ ಇದೆ, ತನ್ನ ಲೋಭವನ್ನು ಲೋಭವೆಂದು ಯಾರೂ ಅರಿಯರು ಎಂಬುದು ಸೆನೆಕನ ನೀತಿ. ನೀತಿಯು ಉದಾತ್ತವಾದುದೇ. ಆದರೆ ಆ ಹೆಂಗಸಿಗೆ ಮುಂದೆ ಏನಾಯಿತೆಂಬುದನ್ನು ಪತ್ರ ಹೇಳುವುದಿಲ್ಲ. ಅವಳು ಅಲ್ಲಿ ಒಂದು ದೃಷ್ಟಾಂತ. ಅವಳ ಹೆಸರು ಉಳಿದುದೂ ದೃಷ್ಟಾಂತದ ನಿಮಿತ್ತವಾಗಿಯೇ.

ಹೆಸರಾಗಿ ಅಂಟಿದ ಶಬ್ದವು ಸಿಂಹಾಸನವನ್ನೇರಿದರೂ ಬಿಡದೆಂಬುದಕ್ಕೆ ಚಕ್ರವರ್ತಿ ಕ್ಲಾಡಿಯಸನೇ ನಿದರ್ಶನ. ಬಾಲ್ಯದಿಂದ ರೋಗಿಷ್ಠನಾಗಿ, ತೊದಲುತ್ತ, ಕಾಲೆಳೆಯುತ್ತ ನಡೆಯುತ್ತಿದ್ದ ಅವನನ್ನು ಹೆತ್ತ ತಾಯಿಯೇ ಮೂಢತನದ ಅಳತೆಗೋಲನ್ನಾಗಿ ಮಾಡಿಕೊಂಡಿದ್ದಳೆಂದು ಚರಿತ್ರಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ಯಾರನ್ನಾದರೂ ಹಳಿಯಬೇಕಾದಾಗ ‘ನನ್ನ ಮಗನಿಗಿಂತ ಹೆಡ್ಡ’ ಎನ್ನುತ್ತಿದ್ದಳಂತೆ. ಕ್ರಿ. ಶ. ೪೧ರಲ್ಲಿ ಪಟ್ಟಕ್ಕೆ ಬಂದ ಕ್ಲಾಡಿಯಸನು ೪೩ರಲ್ಲಿ ಬ್ರಿಟನ್ನಿನ ಮೇಲೆ ದಂಡಯಾತ್ರೆ ನಡೆಸಿ ಅದರ ದಕ್ಷಿಣಭಾಗವನ್ನು ಸಾಮ್ರಾಜ್ಯಕ್ಕೆ ಸೇರಿಸಿದನು. ಹಿಂದಿನ ಚಕ್ರವರ್ತಿಯ ಕಾಲದಲ್ಲಿ ಪ್ರಾಣ ಉಳಿಸಿಕೊಳ್ಳಲು ಮೌಢ್ಯವನ್ನು ನಟಿಸಿದೆನೆಂದು ಅವನು ಹೇಳಿಕೊಂಡರೆ, ಮೌಢ್ಯವನ್ನು ಯಾರೂ ನಟಿಸಲಾರರೆಂಬ ತಾತ್ಪರ್ಯದ ಗ್ರೀಕ್ ಪುಸ್ತಕವೊಂದು ಕೆಲಕಾಲದಲ್ಲಿಯೇ ಹೊರಬಿದ್ದಿತು. ೫೪ರಲ್ಲಿ ಅವನು ಸತ್ತ ಬಳಿಕ ಸೆನೆಕನದೆಂದು ಹೇಳಲಾಗುವ ವಿಡಂಬನಗ್ರಂಥದ ಮೊದಲಲ್ಲಿಯೇ, ಹುಟ್ಟಿದರೆ ಅರಸನಾಗಿ ಹುಟ್ಟಬೇಕು ಇಲ್ಲವೆ ‘ಫತುವುಸ್’ ಆಗಿ ಹುಟ್ಟಬೇಕು ಎಂಬ ಗಾದೆಯನ್ನು ಕ್ಲಾಡಿಯಸನು ನಿಜಮಾಡಿದನೆಂಬ ಕುಹಕವಿದೆ. ಇಬ್ಬರಿಗೂ ಬಾಯಿಗೆ ಬಂದುದನ್ನು ಆಡುವ ಸ್ವಾತಂತ್ರ್ಯವುಂಟೆಂಬುದು ಗಾದೆಯ ಧ್ವನಿ. ಆದರೆ ಇಲ್ಲಿ ಗಮನಿಸತಕ್ಕುದು ‘ಹುಟ್ಟು’ ಎಂಬ ಮಾತನ್ನು. ಮೌಢ್ಯವು ಮಾಡಿದ ತಪ್ಪಾಗಿರದೆ ಹುಟ್ಟಿನ ಲಕ್ಷಣವಾಯಿತು.

ಈ ಶಬ್ದದ ಬಗೆಗೆ ಅತ್ಯಂತ ಗಂಭೀರವಾದ ಎಚ್ಚರಿಕೆ ಕ್ರೈಸ್ತಗ್ರಂಥದಿಂದ ಬಂದಿತು. ನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಜೆರೋಮನು ಪರಿಷ್ಕರಿಸಿದ ಲ್ಯಾಟಿನ್ ಸುವಾರ್ತೆಗಳಲ್ಲಿ, ಮತ್ತಾಯನ ಐದನೆಯ ಅಧ್ಯಾಯದ ಪ್ರಕಾರ, ಸಹೋದರನನ್ನು ಈ ಶಬ್ದದಿಂದ ಕೂಗಿದವನು ನರಕಾಗ್ನಿಗೆ ಗುರಿಯಾಗುತ್ತಾನೆ. ಅದೇ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ದೀಪಕ್ಕೆ ಎಣ್ಣೆ ತರಲು ಮರೆತ ಐವರು ಕನ್ನಿಕೆಯರಿಗೆ ಅದೇ ವಿಶೇಷಣ ಪ್ರಯುಕ್ತವಾಗಿದೆ. ವಿರೋಧವು ಮೇಲುನೋಟದ್ದು. ಒಂದೆಡೆ ಮನುಷ್ಯನನ್ನು ಆ ಹೆಸರಿನಿಂದ ಕರೆಯುವುದಕ್ಕೆ ನಿಷೇಧ. ಇನ್ನೊಂದೆಡೆ ಒಂದು ರಾತ್ರಿಯ ಮರೆವಿನ ವರ್ಣನೆ. ಉಪ್ಪು ತನ್ನ ಸಾರವನ್ನು ಕಳೆದುಕೊಂಡರೆ ಎಂಬ ಪ್ರಸಿದ್ಧ ವಾಕ್ಯದಲ್ಲಿಯೂ ಗ್ರೀಕ್ ಮೂಲದ ಕ್ರಿಯಾಪದವು ಮೂಢನೆಂಬರ್ಥದ ‘ಮೋರೋಸ್’ ಶಬ್ದದಿಂದಲೇ ಹುಟ್ಟಿದುದು. ಸಂತ ಆಗಸ್ಟೀನನು ಉಪಯೋಗಿಸಿದ ಲ್ಯಾಟಿನ್ ಪಾಠದಲ್ಲಿ ಅದಕ್ಕೆ ‘ಇನ್‌ಫತುವಾರೆ’ ಎಂಬ ಕ್ರಿಯಾಪದವಿದೆ. ಮಾರ್ಷಿಯಲ್ಲನ ಸೊಪ್ಪಿನ ಸಪ್ಪೆಯೂ ಗ್ನಾತೊವಿನ ಸೈನಿಕನ ಮೌಢ್ಯವೂ ಹೀಗೆ ಉಪ್ಪಿನ ಹರಳಿನಲ್ಲಿ ಒಂದಾದವು.

ಮಧ್ಯಯುಗದ ಇಂಗ್ಲೆಂಡಿನ ನ್ಯಾಯಭಾಷೆ ಲ್ಯಾಟಿನ್ ಆಗಿತ್ತು. ‘ರಾಜನ ವಿಶೇಷಾಧಿಕಾರ’ ಎಂಬರ್ಥದ ಹೆಸರಿನ ಶಾಸನಪಾಠವೊಂದು, ಎರಡನೆಯ ಎಡ್ವರ್ಡನ ಹದಿನೇಳನೆಯ ಆಳಿಕೆವರ್ಷದ್ದೆಂದು (೧೩೨೪) ರೂಢಿಯಲ್ಲಿ ಗಣಿತವಾದುದು, ‘ಫತುವುಸ್ ನಾತುರಾಲಿಸ್’, ಎಂದರೆ ಹುಟ್ಟುಮೂಢನ, ಭೂಮಿಯ ವಿಚಾರವನ್ನು ನಿರ್ಣಯಿಸುತ್ತದೆ. ಅಂಥವನ ಭೂಮಿಯ ಪಾಲನೆ ರಾಜನದು. ಭೂಮಿಯನ್ನು ಹಾಳುಗೆಡವದೆ ಅದರ ಉತ್ಪನ್ನವನ್ನು ರಾಜನು ತಾನೇ ತೆಗೆದುಕೊಳ್ಳಬೇಕು. ಮೂಢನಿಗೆ ಅನ್ನವಸ್ತ್ರಾದಿಗಳನ್ನು ಒದಗಿಸಬೇಕು. ಅವನು ಸತ್ತ ಬಳಿಕ ಭೂಮಿಯನ್ನು ನ್ಯಾಯವಾದ ವಾರಸುದಾರರಿಗೆ ಒಪ್ಪಿಸಬೇಕು. ನಡುವೆ ಬುದ್ಧಿ ಕೆಟ್ಟವನಿಗೆ ಇದೇ ಶಾಸನದಲ್ಲಿ ಬೇರೆ ನಿಯಮವಿದೆ: ಅವನ ಉತ್ಪನ್ನದಿಂದ ಅವನೂ ಅವನ ಮನೆಯವರೂ ಬದುಕಬೇಕು, ಮಿಕ್ಕುದನ್ನು ಅವನಿಗಾಗಿಯೇ ಕಾದಿರಿಸಬೇಕು, ರಾಜನು ಅದರಲ್ಲಿ ಏನನ್ನೂ ತೆಗೆದುಕೊಳ್ಳಕೂಡದು. ಹುಚ್ಚನಿಗೆ ಬುದ್ಧಿ ಮರಳಬಹುದು, ಹುಟ್ಟುಮೂಢನಿಗೆ ಮರಳದು ಎಂಬ ತರ್ಕವೇ ಈ ಭೇದದ ಬುಡದಲ್ಲಿರುವುದು. ಪ್ಲೌಟಸನ ಪ್ರಹಸನದಲ್ಲಿ ಮುದುಕನು ಬೈದುಕೊಂಡ ಶಬ್ದವು ಈಗ ಖಜಾನೆಗೆ ಆದಾಯ ತರುವ ಶಬ್ದವಾಯಿತು.

ಪರಿಣಾಮವನ್ನು ಊಹಿಸಬಹುದು. ರಾಜನು ಈ ಪಾಲಕತ್ವವನ್ನು ತನಗೆ ಬೇಕಾದವರಿಗೆ ದಯಪಾಲಿಸುತ್ತಿದ್ದುದರಿಂದ ಅದನ್ನು ಬೇಡುವವರು ಹುಟ್ಟಿಕೊಂಡರು. ‘ಒಬ್ಬನನ್ನು ಮೂಢನೆಂದು ಬೇಡುವುದು’ ಎಂಬ ನುಡಿಗಟ್ಟೇ ಇಂಗ್ಲಿಷಿನಲ್ಲಿ ಬಳಕೆಗೆ ಬಂದಿತು. ಮೌಢ್ಯದ ವಿಚಾರಣೆ ಹನ್ನೆರಡು ಮಂದಿ ಪಂಚರ ಮುಂದೆ ನಡೆಯುತ್ತಿತ್ತು. ಇಪ್ಪತ್ತು ಪೆನ್ನಿಗಳನ್ನು ಎಣಿಸಬಲ್ಲನೆ, ತಂದೆತಾಯಿ ಯಾರೆಂದು ಹೇಳಬಲ್ಲನೆ, ತನ್ನ ವಯಸ್ಸನ್ನು ಬಲ್ಲನೆ ಎಂಬವು ಹದಿನಾರನೆಯ ಶತಮಾನದ ನ್ಯಾಯಗ್ರಂಥದಲ್ಲಿ ಉಕ್ತವಾದ ಪರೀಕ್ಷೆಗಳು. ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟನ್ ೧೭೬೫ರಲ್ಲಿ ಪ್ರಕಟವಾದ ತನ್ನ ವ್ಯಾಖ್ಯಾನದ ಮೊದಲನೆಯ ಸಂಪುಟದಲ್ಲಿ ಸ್ವಾರಸ್ಯವಾದ ಸಂಗತಿಯೊಂದನ್ನು ಹೇಳುತ್ತಾನೆ. ಪಂಚರು ಯಾರನ್ನೇ ಆಗಲಿ ಹುಟ್ಟುಮೂಢನೆಂದು ತೀರ್ಮಾನಿಸುವುದು ತೀರ ಅಪರೂಪ. ಇಂಥ ಕಾಲದಿಂದ ಬುದ್ಧಿ ಕೆಟ್ಟವನೆಂದೇ ಅವರು ಹೇಳುತ್ತಿದ್ದರು. ಮೊದಲನೆಯ ಶಬ್ದವನ್ನು ನುಡಿದರೆ ಉತ್ಪನ್ನವೆಲ್ಲ ರಾಜನಿಗೆ ಹೋಗಿ ಮನೆಯವರು ಬರಿಗೈಯಾಗುತ್ತಿದ್ದರು; ಎರಡನೆಯದನ್ನು ನುಡಿದರೆ ಅವರ ಜೀವನ ನಡೆಯುತ್ತಿತ್ತು. ಶಾಸನವನ್ನು ತಿದ್ದುವ ಅಧಿಕಾರವಿಲ್ಲದ ಸಾಮಾನ್ಯಜನ ಶಬ್ದವನ್ನು ಆಯ್ದುಕೊಳ್ಳುವ ಮೂಲಕ ಅನ್ಯಾಯವನ್ನು ತಡೆದರು.

ಇಂಗ್ಲೆಂಡಿನ ಈ ಶಾಸನಕ್ಕಿಂತ ಎರಡು ಶತಮಾನಗಳಷ್ಟು ಮೊದಲೇ ಕನ್ನಡನಾಡಿನಲ್ಲಿ ಇದೇ ಪ್ರಶ್ನೆ ವಿಚಾರಿತವಾಗಿತ್ತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ರಾಜಧಾನಿಯಾದ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು. ಸ್ಮೃತಿಯು ಪಾಲಿಗೆ ಅನರ್ಹರಾದವರ ಪಟ್ಟಿಯಲ್ಲಿ ಉನ್ಮತ್ತನನ್ನೂ ಜಡನನ್ನೂ ಸೇರಿಸಿದೆ. ಜಡನೆಂದರೆ ಅಂತಃಕರಣದ ಶಕ್ತಿ ಕುಂದಿ ಹಿತಾಹಿತಗಳನ್ನು ನಿಶ್ಚಯಿಸಲಾರದವನೆಂಬುದು ವ್ಯಾಖ್ಯಾನಕಾರನ ಅರ್ಥವಿವರಣೆ. ಪಾಲನ್ನು ನಿರಾಕರಿಸುವ ನಿಯಮ ಕಠಿನವೇ ಸರಿ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದಕ್ಕೆ ಮೂರು ಮಿತಿಗಳಿವೆ. ಅಂಥವರನ್ನು ಪೋಷಿಸುವ ಹೊಣೆ ಪಾಲು ಪಡೆದವರದು. ಅವರ ನಿರ್ದೋಷಿಗಳಾದ ಗಂಡುಮಕ್ಕಳಿಗೆ ಪಾಲು ಸಲ್ಲುತ್ತದೆ. ವಿಭಾಗವಾದ ಮೇಲೆಯೂ ಔಷಧಾದಿಗಳಿಂದ ದೋಷ ನಿವಾರಣೆಯಾದರೆ ಪಾಲು ಪಡೆಯುವ ಹಕ್ಕು ಮರಳುತ್ತದೆ. ಜಡತ್ವವು ಅಲ್ಲಿ ಸ್ಥಿತಿಯೊಂದರ ವರ್ಣನೆಯಾಗಿ ಉಳಿದಿದೆ. ಸ್ಥಿತಿ ಬದಲಾದರೆ ಫಲವೂ ಬದಲಾಗಬಹುದು.

೧೮೧೦ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರದ ದಾಯವಿಭಾಗವನ್ನು ಇಂಗ್ಲಿಷಿಗೆ ಅನುವಾದಿಸಿದಾಗ ‘ಜಡ’ ಶಬ್ದಕ್ಕೆ ‘ಈಡಿಯಟ್’ ಎಂಬ ಶಬ್ದವನ್ನು ಇಟ್ಟನು. ಇಂಗ್ಲಿಷ್ ನ್ಯಾಯಭಾಷೆಯಲ್ಲಿ ‘ಈಡಿಯಟ್’ ಎಂದರೆ ‘ಫತುವುಸ್ ನಾತುರಾಲಿಸ್’ ಎಂಬುದರ ಪ್ರತಿನಿಧಿ. ಹುಟ್ಟಿನಿಂದ ಮೊದಲಾಗಿ ಸಾವಿನವರೆಗೆ ಬಿಡದ ಹೆಸರು. ವಿಜ್ಞಾನೇಶ್ವರನು ತೆರೆದಿಟ್ಟಿದ್ದ ಕಿಂಡಿಗೆ ಆ ಶಬ್ದದಲ್ಲಿ ಸ್ಥಳವಿರಲಿಲ್ಲ. ಇದಕ್ಕೆ ಮೊದಲೇ, ೧೭೯೩ರ ಬಂಗಾಳದ ಹತ್ತನೆಯ ರೆಗ್ಯುಲೇಷನ್ನಿನ ಮೇರೆಗೆ, ಜಮೀನ್ದಾರಿಗೆ ಅನರ್ಹರಾದವರ ಆಸ್ತಿ ಕೋರ್ಟ್ ಆಫ್ ವಾರ್ಡ್ಸಿನ ಆಡಳಿತಕ್ಕೆ ಒಳಪಟ್ಟಿತ್ತು. ಆ ಪಟ್ಟಿಯಲ್ಲಿಯೂ ಈ ಶಬ್ದವಿತ್ತು. ೧೯೧೨ರ ಭಾರತೀಯ ಲೂನಸಿ ಕಾಯಿದೆ ತನ್ನ ವ್ಯಾಖ್ಯೆಯಲ್ಲಿ ಅದನ್ನೇ ಉಳಿಸಿಕೊಂಡಿತು. ಮಿತಾಕ್ಷರಕ್ಕೆ ಒಳಪಟ್ಟವರಿಗಾಗಿ ೧೯೨೮ರಲ್ಲಿ ಬಂದ ದಾಯಾನರ್ಹತಾ ನಿವಾರಣ ಕಾಯಿದೆ ರೋಗಿಗಳಿಗೂ ಅಂಗವಿಕಲರಿಗೂ ಪಾಲಿನ ಬಾಗಿಲನ್ನು ತೆರೆಯಿತು. ಹುಟ್ಟಿನಿಂದ ಹುಚ್ಚರೂ ಹುಟ್ಟುಮೂಢರೂ ಆದವರನ್ನು ಮಾತ್ರ ಹೊರಗೆ ನಿಲ್ಲಿಸಿತು. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ೨೮ನೆಯ ಕಲಮು, ಯಾವುದೇ ರೋಗ, ನ್ಯೂನತೆ ಅಥವಾ ಅಂಗವೈಕಲ್ಯದ ಕಾರಣದಿಂದ ಉತ್ತರಾಧಿಕಾರ ತಪ್ಪದೆಂದು ವಿಧಿಸಿತು. ೧೯೧೨ರ ಕಾಯಿದೆಯ ಸ್ಥಾನದಲ್ಲಿ ೧೯೮೭ರ ಮಾನಸಿಕ ಆರೋಗ್ಯ ಅಧಿನಿಯಮವೂ ಅದರ ಸ್ಥಾನದಲ್ಲಿ ೨೦೧೭ರ ಮಾನಸಿಕ ಆರೋಗ್ಯಪಾಲನಾ ಅಧಿನಿಯಮವೂ ಬಂದವು.

ಇತ್ತ ‘ಫತುವುಸ್’ ಶಬ್ದದ ಸಂತತಿಗಳು ಯುರೋಪಿನ ಭಾಷೆಗಳಲ್ಲಿ ಮತ್ತೆ ಹಗುರವಾದವು. ಫ್ರೆಂಚಿನ ‘ಫಾ’ ಎಂದರೆ ತನ್ನ ರೂಪಕ್ಕೆ ತಾನೇ ಮರುಳಾದ ಸೊಗಸುಗಾರ. ಇಂಗ್ಲಿಷಿನ ‘ಫ್ಯಾಚುಅಸ್’ ಎಂಬುದು ತನ್ನ ಟೊಳ್ಳುತನವನ್ನು ತಾನರಿಯದೆ ಬೀಗುವ ಮಾತಿಗೂ ನಗೆಗೂ ಸಲ್ಲುತ್ತದೆ. ‘ಇನ್‌ಫ್ಯಾಚುಏಷನ್’ ಪ್ರಣಯದ ಮರುಳಾಯಿತು. ಜವುಗುನೆಲದ ಮೇಲೆ ಇರುಳಲ್ಲಿ ಮಿನುಗಿ ದಾರಿಹೋಕರನ್ನು ಅಡ್ಡದಾರಿಗೆಳೆಯುವ ಬೆಳಕಿಗೆ ಕನ್ನಡಿಗರು ಕೊಳ್ಳಿದೆವ್ವವೆಂದರೆ, ಹದಿನಾರನೆಯ ಶತಮಾನದ ಯುರೋಪಿನ ವಿದ್ವಾಂಸರು ‘ಇಗ್ನಿಸ್ ಫತುವುಸ್’, ಮೂಢಾಗ್ನಿ, ಎಂದರು. ಇವುಗಳಲ್ಲಿ ಯಾವುದೂ ಮಾನವವರ್ಗವೊಂದರ ಹೆಸರಲ್ಲ. ಗುಣವಾಚಕವು ಬಹುಮಟ್ಟಿಗೆ ಗುಣವಾಚಕವಾಗಿ ಮರಳಿದೆ.

ಎರಡು ಸಾವಿರ ವರ್ಷಗಳ ಈ ವೃತ್ತಾಂತದಲ್ಲಿ ಶಬ್ದದ ಅರ್ಥವು ಅಷ್ಟೇನೂ ಬದಲಾಗಲಿಲ್ಲವೆಂಬುದು ಗಮನಾರ್ಹ. ಬದಲಾದುದು ಅದರ ಸ್ಥಾನ. ಮಾತಿನ ಪಕ್ಕದಲ್ಲಿ, ಮರೆವಿನ ಪಕ್ಕದಲ್ಲಿ, ಸಪ್ಪೆ ಸೊಪ್ಪಿನ ಪಕ್ಕದಲ್ಲಿ ನಿಂತಾಗ ಅದು ತಿದ್ದಬಹುದಾದ ಕೊರತೆಯನ್ನು ಹೇಳಿತು. ಮನುಷ್ಯನ ಸ್ಥಾನದಲ್ಲಿಯೇ ತಾನು ನಿಂತಾಗ ಅವನ ಹೊಲವನ್ನೂ ಮನೆಯನ್ನೂ ತೆಗೆದುಕೊಂಡಿತು. ಹೆಸರಿಡುವ ಅಧಿಕಾರವುಳ್ಳವರು ನ್ಯಾಯಾಲಯದಲ್ಲಿರಲಿ, ಶಾಲೆಯಲ್ಲಿರಲಿ, ಮನೆಯಲ್ಲಿರಲಿ, ಈ ಭೇದವನ್ನು ಮರೆತ ದಿನ ಪೆದ್ದುತನವು ಪೆದ್ದನಾಗಿ ನಿಲ್ಲುತ್ತದೆ. ಇಂಗ್ಲೆಂಡಿನ ಹಳ್ಳಿಯ ಪಂಚರು ಲ್ಯಾಟಿನ್ ಬಲ್ಲವರಾಗಿರಲಾರರು. ಆದರೂ ಯಾವ ಶಬ್ದವನ್ನು ನುಡಿಯಬಾರದೆಂಬುದನ್ನು ಅವರು ಬಲ್ಲವರಾಗಿದ್ದರು.